ಏಳು ನಿಮಿಷದ ಭಾಗಮ್ಮ

ಜನವರಿ 3, ಶುಕ್ರವಾರ

ರಸಗೊಬ್ಬರದ ಅಂಗಡಿಯವರು ಈ ವರ್ಷವೂ ಡೈರಿ ಕೊಟ್ಟರು. ರಟ್ಟಿನ ಮೇಲೆ ತೊಗರಿ ಗಿಡ, ಪ್ರತಿ ಪುಟದ ಅಡಿಯಲ್ಲಿ ಯಾವ ಕೀಟಕ್ಕೆ ಯಾವ ಔಷಧ ಎಂಬ ಉಪದೇಶ. ನನಗೆ ಹೊಲವೂ ಇಲ್ಲ, ಕೀಟದ ಕಾಟವೂ ಇಲ್ಲ. ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೊ ಅಂಗಡಿ ಇದೆ, ಅದರಲ್ಲಿ ನಾನಿದ್ದೇನೆ. ಮೂವತ್ತು ವರ್ಷ ಈ ತಾಲೂಕಿನ ಮದುವೆಗಳನ್ನು ಕ್ಯಾಮೆರಾ ಹೆಗಲ ಮೇಲೆ ಹೊತ್ತು ಹಿಡಿದವನು. ಈಗ ಮದುವೆಗೆ ಡ್ರೋನ್ ಹಾರಿಸುವವರು ಬಂದಿದ್ದಾರೆ. ನನಗೆ ಉಳಿದಿರುವುದು ಹಳೆ ಕ್ಯಾಸೆಟ್‌ಗಳನ್ನು ಡಿವಿಡಿಗೆ ಇಳಿಸುವ ಕೆಲಸ. ಆ ಕೆಲಸದಲ್ಲಿ ಈ ಮಲ್ಲಣ್ಣನನ್ನು ಮೀರಿಸುವವರು ಆಳಂದ, ಜೇವರ್ಗಿ ಸೇರಿಸಿ ಈ ಮೂರು ತಾಲೂಕಿನಲ್ಲಿ ಯಾರೂ ಇಲ್ಲ.

ಬೆಳಿಗ್ಗೆ ಹೆಂಡತಿಯ ಜೊತೆ ಜಗಳ. “ಟಿವಿ ಆವಾಜ್ ಜರಾ ಕಮ್ಮಿ ಇಡ್ರಿ. ಬಸ್ ಸ್ಟ್ಯಾಂಡಿನ ಮಂದಿಗೆಲ್ಲ ವಾರ್ತಾ ಕೇಳಿಸಾಕ ನಿಂತೀರೇನು?” ಎಂದಳು ಸುಭದ್ರಾ. ಅಷ್ಟನ್ನು ಮೂರು ಸಲ ಹೇಳಬೇಕಾಯಿತಂತೆ. ಈಗಿನ ಟಿವಿಗಳೇ ಹಾಗೆ, ದನಿಯಲ್ಲಿ ಸತ್ವವಿಲ್ಲ. ಮಂದಿಯೂ ಅಷ್ಟೇ, ಬಾಯೊಳಗೇ ಮಾತಾಡಿ ಮುಗಿಸುತ್ತಾರೆ.

ಜನವರಿ 6, ಸೋಮವಾರ

ಘತ್ತರಗಿಯಿಂದ ಇಬ್ಬರು ಹೆಂಗಸರು ಬಂದಿದ್ದರು. ಒಬ್ಬಳು ರೇವಮ್ಮ, ನಲವತ್ತರ ಹತ್ತಿರ, ಭಾಗ್ಯವಂತಿ ಗುಡಿಯ ದಾರಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾಳೆ. ಇನ್ನೊಬ್ಬಳು ಆಕೆಯ ಅಣ್ಣನ ಹೆಂಡತಿ ಶರಣಬಸಮ್ಮ. ರೇವಮ್ಮ ಅರಿವೆಯಲ್ಲಿ ಸುತ್ತಿದ ಕ್ಯಾಸೆಟ್ ಒಂದನ್ನು ಮೇಜಿನ ಮೇಲಿಟ್ಟಳು. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅವರಿಗೆ ಬೆನ್ನು ಮಾಡಿಕೊಂಡೇ, ಬೂಷ್ಟು ಹಿಡಿದಿದೆ, ಭರವಸೆ ಕೊಡಲಾರೆ ಎಂದೆಲ್ಲ ಹೇಳಿದೆ. ತಿರುಗಿ ನೋಡಿದರೆ ರೇವಮ್ಮ ನನ್ನ ಮುಖ ತಿರುಗುವುದನ್ನೇ ಕಾಯುತ್ತ ನಿಂತಿದ್ದಾಳೆ.

“ಮಾರಿ ಈ ಕಡಿ ಮಾಡಿ ಮಾತಾಡ್ರಿ ಅಣ್ಣಾರ. ನನಗ ಕಿವಿ ಕೇಳಂಗಿಲ್ಲ. ತುಟಿ ನೋಡಿ ತಿಳ್ಕೋತೇನಿ,” ಎಂದಳು. ದನಿಗೆ ಏರಿಳಿತವಿಲ್ಲ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿ. ಬೆಳಿಗ್ಗೆಯಿಂದ ನನಗೆ ಸರಿಯಾಗಿ ತಿಳಿದ ಮಾತು ಆಕೆಯದೊಂದೇ.

ನಾನು ಮುಖ ತಿರುಗಿಸಿ ಮತ್ತೆ ಹೇಳಿದೆ. ಆಕೆ ತಲೆ ಅಲ್ಲಾಡಿಸಿದಳು. “ಮೀಸಿ ಅಡ್ಡ ಬರ್ತದ್ರಿ.”

ಈ ಮೀಸೆಯನ್ನು ನೋಡಿ ಬೀಗರೇ ಎದ್ದು ನಿಲ್ಲುತ್ತಿದ್ದ ಕಾಲವಿತ್ತು. ಸಿಟ್ಟು ಬಂತು, ನುಂಗಿಕೊಂಡೆ. ಕೊನೆಗೆ ಶರಣಬಸಮ್ಮನೇ ಎಲ್ಲ ವಿವರಿಸಿದಳು.

ಇಪ್ಪತ್ತೇಳು ವರ್ಷದ ಹಿಂದೆ ಟಿವಿಯವರು ಘತ್ತರಗಿಗೆ ಬಂದು ಹೊಳೆದಂಡೆಯ ಹೆಂಗಸರನ್ನು ಮಾತಾಡಿಸಿದ್ದರಂತೆ. ಅದರಲ್ಲಿ ಏಳು ನಿಮಿಷ ರೇವಮ್ಮನ ತಾಯಿ ಭಾಗಮ್ಮ. ರೇವಮ್ಮನಿಗೆ ಆಗ ಹನ್ನೆರಡು ವರ್ಷ, ಕಲಬುರಗಿಯಲ್ಲಿ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿದ್ದಳು. ಕಾರ್ಯಕ್ರಮ ಬಂದ ಸಂಜೆ ಅಲ್ಲಿ ಕರೆಂಟ್ ಇರಲಿಲ್ಲ. ಊರಲ್ಲಿ ಅಣ್ಣ ಯಾರದೋ ವಿಸಿಆರ್ ತಂದು ಟಿವಿಯಿಂದ ರೆಕಾರ್ಡ್ ಮಾಡಿಕೊಂಡ. ಅದಾದ ಹನ್ನೊಂದನೆಯ ದಿನ ಭಾಗಮ್ಮ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡಳು. ಕ್ಯಾಸೆಟ್ ಎಲ್ಲೋ ಕಳೆಯಿತು. ಹೋದ ತಿಂಗಳು ಹಳೆ ಗೋಡೆ ಕೆಡವುವಾಗ ಅದರೊಳಗೆ ಮುಚ್ಚಿಹೋಗಿದ್ದ ಗೂಡಿನಲ್ಲಿ ಸಿಕ್ಕಿತು.

“ಮಕ್ಕಳೆಷ್ಟು ಅಂತ ಟಿವಿಯವ್ರು ನಮ್ಮತ್ತೀನ ಕೇಳಿದ್ರು,” ಎಂದಳು ಶರಣಬಸಮ್ಮ. “ನಾ ಬಾಜೂಕೇ ಕುಂತಿದ್ದೆ. ಮೂರು ಅಂದ್ಳೋ ನಾಕು ಅಂದ್ಳೋ ಖರೇ ನೆಪ್ಪಿಲ್ರಿ. ಕಡೀಕ ಕ್ಯಾಮೆರಾದ ಕಡಿ ನೋಡ್ಕೋತ ಎಲಿ ಅಡಿಕಿ ಮೆಲ್ಲಾಕತ್ತಿದ್ಳು. ಟಿವಿಯಾಗ ಎಲಿ ಮೆದ್ದಾಕಿ ಅಂತ ಊರೆಲ್ಲ ನಕ್ಕಿತ್ತು.”

ಆಕೆ ಈಗಲೂ ನಕ್ಕಳು. ರೇವಮ್ಮ ನಗಲಿಲ್ಲ. “ಮೂರು ಮಂದಿ ಅಣ್ಣಂದಿರು. ನಾ ನಾಕನೇದಾಕಿ. ಅವ್ವ ನನ್ನ ಎಣಿಸ್ಯಾಳೋ ಇಲ್ಲೋ ನೋಡಬೇಕ್ರಿ,” ಎಂದಳು.

ಫೋನಿನ ಪರದೆಯಲ್ಲಿ ತುಟಿ ಸಣ್ಣದಾಗುತ್ತದೆ, ಮನೆಯಲ್ಲಿ ದೊಡ್ಡ ಡಬ್ಬಾ ಟಿವಿ, ಡಿವಿಡಿ ಪ್ಲೇಯರ್ ಇವೆ, ಅದರಲ್ಲೇ ಬೇಕಂತೆ. ಆಗಲಿ ಎಂದೆ.

ಜನವರಿ 8, ಬುಧವಾರ

ಕ್ಯಾಸೆಟ್ ಬಿಚ್ಚಿದೆ. ಟೇಪಿನ ಮೇಲಂಚು ಉದ್ದಕ್ಕೂ ನುಗ್ಗಾಗಿದೆ. ದನಿ ಇರುವುದು ಆ ಅಂಚಿನಲ್ಲೇ, ಚಿತ್ರ ನಡುವೆ. ಅಂಗಡಿಯ ಹಳೆ ವಿಸಿಆರ್‌ನಲ್ಲಿ ಮೊದಲ ತುಣುಕನ್ನಷ್ಟೇ ಓಡಿಸಿ ಇಯರ್‌ಫೋನ್ ಇಟ್ಟೆ. ಏನೂ ಇಲ್ಲ. ನನಗೆ ಈಚೆಗೆ ಯಾವ ಇಯರ್‌ಫೋನೂ ಸರಿಬರುತ್ತಿಲ್ಲವೆಂದು ಸುಭದ್ರಾಳನ್ನು ಕರೆದೆ. “ಬರೇ ಗುರ್ ಅಂತದ್ರಿ. ಮಾತ ಇಲ್ಲ,” ಎಂದಳು. ನನಗೆ ಆ ಗುರ್ ಕೂಡ ಕೇಳಿಸಿರಲಿಲ್ಲ.

ದನಿ ಹೋಗಿದೆ ಎಂದು ರೇವಮ್ಮನಿಗೆ ಮೆಸೇಜ್ ಮಾಡಿದೆ. ಉತ್ತರ ಬಂತು: “ಹೋದ್ರ ಹೋಗ್ಲಿ. ನನಗ ಅದು ಮೊದಲೂ ಇದ್ದಿಲ್ಲ.”

ಅಂದರೆ ಭಾಗಮ್ಮ ಏನಂದಳೆಂದು ಇನ್ನು ಯಾರೂ ಕಿವಿಯಿಂದ ತಿಳಿಯುವ ಹಾಗಿಲ್ಲ. ಇರುವುದು ತುಟಿಯ ಚಿತ್ರ, ಅದನ್ನು ಓದಬಲ್ಲವಳು ಒಬ್ಬಳೇ.

ಜನವರಿ 10, ಶುಕ್ರವಾರ

ನನ್ನ ವಿಸಿಆರ್‌ನಲ್ಲಿ ಟೇಪು ಓದುವ ಹೆಡ್ ಸವೆದಿದೆ, ಇಂಥ ಟೇಪಿಗೆ ಅದನ್ನು ನಂಬಲಾರೆ. ಬಸ್ಸು ಹಿಡಿದು ಜೇವರ್ಗಿಗೆ ಹೋದೆ. ಅಲ್ಲಿ ಶಮ್ಸುನ್ನಿಸಾ ಅವರ ಯಜಮಾನರು ಹಿಂದೆ ವಿಡಿಯೊ ಲೈಬ್ರರಿ ನಡೆಸುತ್ತಿದ್ದರು. ಅವರು ಹೋಗಿ ಒಂಬತ್ತು ವರ್ಷ. ವಿಸಿಆರ್‌ಗೆ ಇವತ್ತಿಗೂ ಚಾದರ ಹೊದಿಸಿ ಇಟ್ಟಿದ್ದಾರೆ, ಶುಕ್ರವಾರ ಶುಕ್ರವಾರ ಒರೆಸುತ್ತಾರೆ.

“ಒಯ್ರಿ ಭಾಯಿ. ಚಾಲೂ ಇದ್ರನ ಅದಕ ಜೀವ,” ಎಂದರು. ಇನ್ನೂ ಏನೇನೋ ಅಂದರು. ಫ್ಯಾನಿನ ಸದ್ದಿಗೆ ನನಗೆ ತಿಳಿಯಲಿಲ್ಲ. ಹೂಂ ಹೂಂ ಎಂದು ವಿಸಿಆರ್ ಹೊತ್ತುಕೊಂಡು ಬಂದೆ.

ಜನವರಿ 13, ಸೋಮವಾರ

ಟೇಪನ್ನು ಬೇರೆ ಡಬ್ಬಿಗೆ ಹಾಕಿ, ಮೆತ್ತನೆ ಅರಿವೆಯಿಂದ ಬೂಷ್ಟು ಒರೆಸುತ್ತ ಎರಡು ದಿನ ಕೈಯಿಂದಲೇ ಸುತ್ತಿದೆ. ಇವತ್ತು ಕಂಪ್ಯೂಟರಿಗೆ ಹಿಡಿದೆ. ಡಿವಿಡಿ ಒಪ್ಪುವ ಅಳತೆಗಳಲ್ಲಿ ನನಗೆ ಕೆಲಸಕ್ಕೆ ಬರುವವು ಮೂರು: ದೊಡ್ಡದು 720×576, ಸಣ್ಣದು 352×288, ನಡುವಿನದು 352×576. ನಾನು ಹದಿನೈದು ವರ್ಷದಿಂದ ಸಣ್ಣದನ್ನೇ ಇಡುತ್ತೇನೆ. ದೊಡ್ಡದಿಟ್ಟರೆ ಕೈಕಾಲು ಅಲುಗಾಡುವ ಕಡೆಯೆಲ್ಲ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ಸಣ್ಣದರಲ್ಲಿ ಆ ಹಲ್ಲು ಮಾಯ, ಚಿತ್ರ ನುಣುಪು. ನಡುವಿನದಂತೂ ಯಾರೋ ಕುಡಿದು ಮಾಡಿದ ಅಳತೆ. ಅದರಲ್ಲಿ ಕಂಪ್ಯೂಟರಿನ ಮೇಲೆ ಎಲ್ಲರೂ ಜೋಳದ ದಂಟಿನ ಹಾಗೆ ಸಪೂರವಾಗಿ ಕಾಣುತ್ತಾರೆ.

ಭಾಗಮ್ಮ ಚೆನ್ನಾಗಿ ಬಂದಳು. ನಾಲ್ಕು ಹೆಂಗಸರ ನಡುವೆ ಕೂತಿದ್ದಾಳೆ, ಮುಖ ಅಂಗೈಯಷ್ಟೂ ಇಲ್ಲ. ಡಿಸ್ಕನ್ನು ಘತ್ತರಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ.

ಜನವರಿ 15, ಬುಧವಾರ

ರೇವಮ್ಮ ಬಂದು ಡಿಸ್ಕನ್ನು ಮೇಜಿನ ಮೇಲಿಟ್ಟಳು. “ಶರಣಬಸಮ್ಮ ವೈನಿ ಹೇಳಿದಂಗೇ ಕಾಣಿಸ್ತದ್ರಿ. ಎಲಿ ಮೆದ್ದಂಗ. ತುಟಿ ಒಂದಕ್ಕೊಂದು ಹತ್ತಿಬಿಟ್ಟಾವ, ಯಾವಾಗ ಮುಚ್ಚಿದ್ಳು ಯಾವಾಗ ತೆರದ್ಳು ತಿಳೀವಲ್ದು.”

ಹದಿನೈದು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ, ಒಬ್ಬರೂ ತಕರಾರು ತೆಗೆದಿಲ್ಲ ಎಂದೆ. ಆಕೆ ನನ್ನ ಮೀಸೆಯ ಕೆಳಗೆ ಇಣುಕಿ ಇಣುಕಿ ನೋಡಿ ಮಾತನ್ನು ಹೆಕ್ಕಿಕೊಂಡಳು.

“ಇಷ್ಟ ಮಂದಿ ಮದಿವಿ ಮಾಡೀರಿ. ಯಾರೂ ತುಟಿ ನೋಡಿಲ್ಲೇನ್ರಿ?”

ಬಹಳ ಕೆಟ್ಟದೆನಿಸಿತು. ಆಕೆ ಹೋದ ಮೇಲೆ ಅಂಗಡಿ ಬಂದ್ ಮಾಡಿ ಮನೆಗೆ ಬಂದುಬಿಟ್ಟೆ.

ಜನವರಿ 18, ಶನಿವಾರ

ಹಲ್ಲು ಬಂದರೆ ಬರಲಿ, ದೊಡ್ಡದರಲ್ಲೇ ಹಿಡಿಯುತ್ತೇನೆ ಎಂದು 720×576 ಇಟ್ಟೆ. ವಿಸಿಆರ್‌ನ ಚಿತ್ರವನ್ನು ಒಳಗೆಳೆಯುವ ನನ್ನ ಕ್ಯಾಪ್ಚರ್ ಕಾರ್ಡು ಹಳೇ ಕಂಪ್ಯೂಟರಿನಲ್ಲಿ ಮಾತ್ರ ಕೂರುತ್ತದೆ. ಆ ಕಂಪ್ಯೂಟರ್ ಅಷ್ಟು ದೊಡ್ಡ ಚಿತ್ರವನ್ನು ನುಂಗಲಾರದೆ ನಡುನಡುವೆ ಚೌಕಟ್ಟುಗಳನ್ನೇ, ಅಂದರೆ ಇಡಿಯಿಡಿಯ ಬಿಡಿ ಚಿತ್ರಗಳನ್ನೇ, ಬಿಟ್ಟುಬಿಟ್ಟಿತು. ಭಾಗಮ್ಮ ಒಮ್ಮೆ ಬಾಯಿ ತೆರೆದಿದ್ದಾಳೆ, ಮರುಕ್ಷಣ ಮುಚ್ಚಿದ್ದಾಳೆ, ನಡುವೆ ಏನಾಯಿತೆಂಬುದೇ ಇಲ್ಲ.

ಅದಕ್ಕಿಂತ ಕೆಟ್ಟದ್ದು ಆಮೇಲೆ ಕಂಡೆ. ಹೆಡ್ ಒರೆಸಿದರೆ ಅರಿವೆಯ ತುಂಬ ಕಂದು ಪುಡಿ. ಆ ಪುಡಿಯೇ ಚಿತ್ರ. ಪ್ರತಿ ಸಲ ಓಡಿಸಿದಾಗ ಭಾಗಮ್ಮ ಒಂದಿಷ್ಟು ಉದುರುತ್ತಿದ್ದಾಳೆ. ಇನ್ನೊಂದು ಸಲ ತಡೆದೀತು, ಅದರಾಚೆ ಇಲ್ಲ. ಆ ಒಂದು ಸಲವೂ ನಾನು ತಪ್ಪಿದರೆ ರೇವಮ್ಮನಿಗೆ ಏನು ಮುಖ ತೋರಿಸಲಿ? ಅರಿವೆಯನ್ನು ಒಗೆಯಲು ಮನಸ್ಸಾಗಲಿಲ್ಲ. ಮಡಿಚಿ ಇಟ್ಟಿದ್ದೇನೆ.

ಜನವರಿ 22, ಬುಧವಾರ

ಇವತ್ತು ಕಂಡದ್ದನ್ನು ಬರೆಯದೆ ಇರಲಾರೆ.

ದೊಡ್ಡ ಅಳತೆಯಲ್ಲಿ ಹಿಡಿದದ್ದರಲ್ಲಿ ಉಳಿದ ಚೌಕಟ್ಟುಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡುತ್ತಿದ್ದೆ. ಭಾಗಮ್ಮನ ಬಾಯಿಯ ಮೇಲೆ ಅದೇ ಬಾಚಣಿಗೆ ಹಲ್ಲು. ಬೈದುಕೊಳ್ಳುತ್ತಲೇ ಅದನ್ನು ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಒಂದು ಗೆರೆಯಲ್ಲಿ ತುಟಿ ಮುಚ್ಚಿದೆ. ಅದರ ಕೆಳಗಿನ ಗೆರೆಯಲ್ಲಿ ಬಿಚ್ಚತೊಡಗಿದೆ. ಮತ್ತೆ ಮುಚ್ಚಿದೆ, ಮತ್ತೆ ಬಿಚ್ಚಿದೆ. ಒಂದೇ ಚಿತ್ರದೊಳಗೆ ಎರಡು ಕ್ಷಣಗಳು ಒಂದರ ಬೆರಳ ಸಂದಿಗೆ ಇನ್ನೊಂದರ ಬೆರಳು ಕೂಡಿಸಿ ಕೂತಿವೆ.

ಟಿವಿ ಚಿತ್ರ ಬರೆಯುವ ಬಗೆಯೇ ಅದು. ಕ್ಯಾಮೆರಾ ತರಬೇತಿಯಲ್ಲಿ ಹೇಳಿದ್ದರು, ನನ್ನ ತಲೆಗೆ ಹೋಗಿರಲಿಲ್ಲ. 576 ಗೆರೆಗಳನ್ನು ಅದು ಒಮ್ಮೆಲೇ ಬರೆಯುವುದಿಲ್ಲ. ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ಬಿಟ್ಟ ಗೆರೆಗಳು. ಹೀಗೆ ಸೆಕೆಂಡಿಗೆ ಐವತ್ತು ಸಲ. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಹಲ್ಲು ಕಾಣುತ್ತವೆ. ಡಬ್ಬಾ ಟಿವಿ ಒಂದಾದ ಮೇಲೊಂದು ತೋರಿಸುತ್ತದೆ, ಅಲ್ಲಿ ಹಲ್ಲಿಲ್ಲ, ಬರೀ ಚಲನೆ. ಸಣ್ಣ ಅಳತೆ ಇಟ್ಟಾಗ ನಾನು ಹಲ್ಲು ತೆಗೆದಿರಲಿಲ್ಲ, ಎರಡು ಕ್ಷಣಗಳಲ್ಲಿ ಒಂದನ್ನು ಎಸೆದಿದ್ದೆ.

ನೋಡುತ್ತ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು! ಅಷ್ಟರಲ್ಲಿ ಯಾರ ಕಣ್ಣೂ ಏನನ್ನೂ ಹಿಡಿಯಲಾರದು. ಆದರೆ ಇಪ್ಪತ್ತೇಳು ವರ್ಷ ಮಣ್ಣಿನ ಗೋಡೆಯೊಳಗೆ, ಬೂಷ್ಟಿನ ಕೆಳಗೆ, ಆ ತುಟಿ ಒಂದು ಗೆರೆಯಲ್ಲಿ ಮುಚ್ಚಿಯೇ ಇತ್ತು, ಇನ್ನೊಂದರಲ್ಲಿ ಬಿಚ್ಚಿಯೇ ಇತ್ತು. ಮೂವತ್ತು ವರ್ಷ ಈ ಕಸುಬು ಮಾಡಿ ನಾನು ಇದನ್ನು ನೋಡಿಯೇ ಇರಲಿಲ್ಲ. ಕಂಪ್ಯೂಟರಿಗೆ ಕೈ ಮುಗಿದೆ, ಬರೆಯಲು ನಾಚಿಕೆಯಾದರೂ ಮುಗಿದದ್ದು ನಿಜ.

ಜನವರಿ 23, ಗುರುವಾರ

ನಿನ್ನೆಯ ಸಂತೋಷ ಇವತ್ತಿಗೆ ಉಳಿಯಲಿಲ್ಲ. ಹದಿನೈದು ವರ್ಷದಲ್ಲಿ ಎಷ್ಟು ಮನೆಯ ಕ್ಯಾಸೆಟ್ ಇಳಿಸಿದ್ದೇನೆ. ಎಷ್ಟು ಅಜ್ಜಿಯರ ನಗು, ಎಷ್ಟು ಕೂಸುಗಳ ಮೊದಲ ಹೆಜ್ಜೆ. ಎಲ್ಲದರಲ್ಲೂ ಅರ್ಧ ಕ್ಷಣಗಳನ್ನು ಚೆಲ್ಲಿ, ನುಣುಪಾಗಿದೆ ನೋಡಿ ಎಂದು ಕೊಟ್ಟಿದ್ದೇನೆ.

ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದೆ: ನನ್ನಲ್ಲಿ ಡಿವಿಡಿ ಮಾಡಿಸಿದವರು ಮೂಲ ಕ್ಯಾಸೆಟ್ ಇದ್ದರೆ ತನ್ನಿ, ನನ್ನ ತಪ್ಪಾಗಿದೆ, ಮತ್ತೆ ಮಾಡಿಕೊಡುತ್ತೇನೆ. ಸುಭದ್ರಾ ಅದನ್ನು ಎರಡು ಸಲ ಓದಿದಳು. ನನ್ನ ಅಕ್ಷರ ಹೌದೋ ಅಲ್ಲವೋ ಎಂದು ಅನುಮಾನ ಬಂದಿರಬೇಕು.

ಜನವರಿ 26, ಭಾನುವಾರ

ಭಾಗಮ್ಮನ ಮೇಲೆ ಪ್ರಯೋಗ ಮಾಡುವ ಹಾಗಿಲ್ಲ. ಅದಕ್ಕೆ ನಮ್ಮದೇ ಮದುವೆಯ ಕ್ಯಾಸೆಟ್ ತೆಗೆದೆ. ಕುಡುಕನ ಅಳತೆ ಎಂದು ಬೈದಿದ್ದ 352×576ರಲ್ಲಿ ಹಿಡಿದೆ. ಎತ್ತರಕ್ಕೆ 576 ಇರುವುದರಿಂದ ಎರಡೂ ಕ್ಷಣಗಳು ಉಳಿಯುತ್ತವೆ. ಅಗಲ 352 ಇರುವುದರಿಂದ ಕಂಪ್ಯೂಟರಿಗೆ ಭಾರವಿಲ್ಲ, ಒಂದು ಚೌಕಟ್ಟೂ ಬಿಡಲಿಲ್ಲ. ಅಗಲ ಕಡಿಮೆಯಾಯಿತಲ್ಲ ಎಂದು ಹೆದರಿ, ದೊಡ್ಡ ಅಳತೆಯದನ್ನೂ ಪಕ್ಕಕ್ಕಿಟ್ಟು ಹೋಲಿಸಿದೆ. ಸುಭದ್ರಾಳ ಮೂಗುತಿಯ ಹರಳಿನಲ್ಲೂ ವ್ಯತ್ಯಾಸ ಕಾಣಲಿಲ್ಲ. ಈ ಕ್ಯಾಸೆಟ್‌ಗಳಲ್ಲಿ ಅಡ್ಡಕ್ಕೆ ಇರುವ ವಿವರವೇ ಅಷ್ಟು. ಒಂದು ಲೋಟ ಹಾಲನ್ನು ಕೊಡಕ್ಕೆ ಸುರಿದರೆ ಹಾಲು ಹೆಚ್ಚಾಗುವುದಿಲ್ಲವಲ್ಲ.

ಡಿಸ್ಕ್ ಮಾಡಿ ಹಳೆ ಟಿವಿಗೆ ಹಾಕಿದೆ. ಜೋಳದ ದಂಟುಗಳೆಲ್ಲ ತಮ್ಮ ತಮ್ಮ ಅಗಲಕ್ಕೆ ಬಂದು ಮನುಷ್ಯರಾದವು. ಪ್ಲೇಯರ್ ತಾನೇ ಎಳೆದು ಸರಿಮಾಡುತ್ತದೆ. ನೂರು ಸಲ ನೋಡಿದ ಮದುವೆ, ಆದರೂ ಇವತ್ತು ಹೊಸದೊಂದು ಕಂಡಿತು. ಅಕ್ಷತೆಯ ಹೊತ್ತಿಗೆ, ಬ್ಯಾಂಡಿನ ಗದ್ದಲದ ನಡುವೆ, ಸುಭದ್ರಾ ತಂಗಿಯ ಕಡೆ ಬಾಗಿ ಏನೋ ಹೇಳುತ್ತಾಳೆ.

“ಮೀಸಿ ಭಾಳ ಆತು ಅಂದಿದ್ದೇನು?” ಎಂದು ಊಟದ ತಟ್ಟೆ ತಂದ ಸುಭದ್ರಾಳನ್ನು ಕೇಳಿದೆ.

ಆಕೆಯ ಕೈಯಲ್ಲಿದ್ದ ತಟ್ಟೆ ಬೀಳುವುದೊಂದು ಬಾಕಿ. “ಅಯ್ಯ, ಅದು ನಿಮಗ ಹ್ಯಾಂಗ ಗೊತ್ತಾತ್ರಿ?”

ಸುಮ್ಮನೆ ಊಹಿಸಿದೆ ಎಂದೆ.

ಜನವರಿ 28, ಮಂಗಳವಾರ

ಮೀಸೆ ಕತ್ತರಿಸಿಕೊಂಡೆ. ತುರಿಕೆಯಾಗುತ್ತಿತ್ತು.

ಭಾಗಮ್ಮನನ್ನು 352×576ರಲ್ಲಿ ಹಿಡಿದೆ. ಏಳು ನಿಮಿಷವೂ ಬಿಟ್ಟ ಚೌಕಟ್ಟುಗಳ ಲೆಕ್ಕದ ಮೇಲೇ ಕಣ್ಣಿತ್ತು, ಆಕೆ ಏನನ್ನುತ್ತಾಳೆಂದು ನೋಡುವ ಧೈರ್ಯವಾಗಲಿಲ್ಲ. ಅದು ರೇವಮ್ಮ ಮೊದಲು ನೋಡಬೇಕಾದದ್ದು. ಬಿಟ್ಟ ಚೌಕಟ್ಟು ಸೊನ್ನೆ. ಕ್ಯಾಸೆಟ್ ಹೊರತೆಗೆಯುವಾಗ ಟೇಪು ಪಟ್ಟನೆ ತುಂಡಾಯಿತು. ಮುಗಿಯಿತು, ಇನ್ನು ಅದು ಓಡುವುದಿಲ್ಲ.

ಫೆಬ್ರುವರಿ 2, ಭಾನುವಾರ

ಡಿಸ್ಕನ್ನು ಕಂಡಕ್ಟರ್ ಕೈಗೆ ಕೊಡಲು ಮನಸ್ಸು ಬರಲಿಲ್ಲ. ನಾನೇ ಘತ್ತರಗಿಗೆ ಹೋದೆ.

ರೇವಮ್ಮ ಟಿವಿಯ ಮುಂದೆ ಒಂದು ಮೊಳ ದೂರದಲ್ಲಿ ಕೂತಳು. ಹಿಂದೆ ಶರಣಬಸಮ್ಮ, ಪಕ್ಕದಲ್ಲಿ ನಾನು. ಗುರ್ ಎನ್ನುವುದು ಬೇಡವೆಂದು ಆವಾಜ್ ಪೂರ್ತಿ ಬಂದ್. ಹೊಳೆದಂಡೆ ಬಂತು, ಹೆಂಗಸರು ಬಂದರು, ನಡುವೆ ಭಾಗಮ್ಮ. ಗಾಳಿಗೆ ಸೆರಗು ಹಾರಿದರೆ ಹಾರಿದ್ದು ಕಾಣುತ್ತದೆ. ತುಟಿ ತುಟಿಯಾಗಿದೆ. ರೇವಮ್ಮ ತಾಯಿಯ ಮಾತನ್ನು ಒಂದೊಂದಾಗಿ ತನ್ನ ದನಿಯಲ್ಲಿ ಹೇಳತೊಡಗಿದಳು.

“ಹೊಳಿ ಬಂದ್ರ ಹೊಲ ಹೋಗ್ತದ... ಹೊಳಿ ಬರದಿದ್ರ ಬೆಳಿ ಹೋಗ್ತದ... ಯಾರಿಗಿ ಬೈಯೋದ್ರಿ...”

ಶರಣಬಸಮ್ಮ ನಕ್ಕಳು. “ಹೌದ್ಹೌದು, ಇದ ಅಂದಿದ್ಳು!”

ಆಮೇಲೆ ಭಾಗಮ್ಮ ಕ್ಯಾಮೆರಾದ ಪಕ್ಕಕ್ಕೆ ಕಿವಿಗೊಟ್ಟಳು. ಯಾರೋ ಏನೋ ಕೇಳುತ್ತಿದ್ದಾರೆ. ತಲೆ ಎತ್ತಿದಳು. ರೇವಮ್ಮನ ಬೆನ್ನು ನೆಟ್ಟಗಾಯಿತು.

“ನಾಕು,” ಎಂದಳು ರೇವಮ್ಮ.

ಭಾಗಮ್ಮ ಮುಂದುವರಿಸಿದಳು, ರೇವಮ್ಮನೂ ಮುಂದುವರಿಸಿದಳು. “ಮೂರು ಮಂದಿ ಕರದ್ರ ಬರ್ತಾರ. ಒಬ್ಬಾಕಿ ನೋಡಿದ್ರ ಬರ್ತಾಳ.”

ಮೂರೋ ನಾಲ್ಕೋ ಎಂದು ಊರು ಮರೆತದ್ದು ಯಾಕೆಂದು ಆಗ ತಿಳಿಯಿತು. ಎರಡನ್ನೂ ಅಂದಿದ್ದಳು.

ಚಿತ್ರ ಮುಗಿಯುತ್ತ ಬಂತು. ಉಳಿದ ಹೆಂಗಸರು ಸೆರಗು ಕೊಡವಿ ಏಳುತ್ತಿದ್ದಾರೆ. ಭಾಗಮ್ಮ ಏಳಲಿಲ್ಲ. ನೇರ ಕ್ಯಾಮೆರಾದ ಕಡೆ ತಿರುಗಿದಳು. “ಇಲ್ಲೇ ನೋಡ್ರಿ, ಎಲಿ ಮೆಲ್ಲೋದು,” ಎಂದಳು ಶರಣಬಸಮ್ಮ. ಭಾಗಮ್ಮನ ಬಾಯಿ ನಿಧಾನವಾಗಿ ಆಡಿತು. ತುಟಿ ಅಗಲವಾಯಿತು, ಹಲ್ಲಿಗೆ ತಾಗಿ ತೆರೆಯಿತು, ದುಂಡಾಗಿ ಮುಂದೆ ಬಂತು, ಮತ್ತೆ ಅಗಲವಾಯಿತು.

“ರೇವಾ, ಉಂಡಿ?”

ಹೇಳಿದ್ದು ರೇವಮ್ಮ. ಜೊತೆಗೆ ನಾನೂ ಹೇಳಿದ್ದೆ, ಇಬ್ಬರ ಬಾಯಿಂದಲೂ ಒಂದೇ ಸಲ ಬಂದಿತ್ತು.

ಶರಣಬಸಮ್ಮ ಎದ್ದು ನಮ್ಮಿಬ್ಬರ ಎದುರಿಗೆ ಬಂದಳು. “ಆಕಿ ದನಿ ತಗದಿದ್ದಿಲ್ರಿ. ನಾ ಬಾಜೂಕೇ ಇದ್ದೆ. ದನಿ ಬಂದಿದ್ರ ನನಗ ಕೇಳ್ತಿತ್ತು. ಮನ್ಯಾಗ ಮಗಳ ಜೋಡಿ ಹಿಂಗೇ ಮಾತಾಡ್ತಿದ್ಳು, ದನಿ ಇಲ್ದ.”

ಹಾಗಾದರೆ ಟೇಪಿನಲ್ಲಿ ದನಿ ಇದ್ದಿದ್ದರೂ ಈ ಮಾತು ಇರುತ್ತಿರಲಿಲ್ಲ. ಆ ಸಂಜೆ ಟಿವಿ ನೋಡಿದವರಿಗೆಲ್ಲ ಕಿವಿ ಕೇಳುತ್ತಿತ್ತು, ಒಬ್ಬರಿಗೂ ಇದು ಕೇಳಿಸಲಿಲ್ಲ. ಕೇಳಬೇಕಾದವಳು ಕಲಬುರಗಿಯಲ್ಲಿ ಕತ್ತಲಲ್ಲಿ ಕೂತಿದ್ದಳು. ರೇವಮ್ಮ ಟಿವಿಯ ಗಾಜಿನ ಮೇಲೆ ಅಂಗೈ ಇಟ್ಟು, “ಉಂಡೇನಿ ಅವ್ವಾ,” ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಮದುವೆ ಮನೆಗಳಲ್ಲಿ ಹೆಣ್ಣು ಕಳಿಸುವಾಗ ಊರೇ ಅತ್ತರೂ ನಾನು ಕ್ಯಾಮೆರಾ ಅಲುಗಿಸಿದವನಲ್ಲ.

ಹೊರಡುವಾಗ ರೇವಮ್ಮ ನನ್ನ ಮುಖವನ್ನೇ ನೋಡಿದಳು. “ಮೀಸಿ ತಗದೀರಿ. ಈಗ ನಿಮ್ಮ ಮಾತು ಪೂರಾ ಕಾಣಿಸ್ತದ. ಅಣ್ಣಾರ, ನಿಮಗ ಯಾವಾಗಿಂದ ಕೇಳಿಸ್ವಲ್ದು?”

ನನ್ನ ಕಿವಿ ಬರೋಬ್ಬರಿ ಇವೆ ತಂಗಿ, ಎಂದೆ. ಆಕೆ ಯಾಕೆ ಹಾಗೆ ಕೇಳಿದಳೋ.

ಫೆಬ್ರುವರಿ 5, ಬುಧವಾರ

ಚೀಟಿ ನೋಡಿ ಇಬ್ಬರು ಕ್ಯಾಸೆಟ್ ತಂದರು, ಒಬ್ಬರು ಆಳಂದ ಕಡೆಯ ಸರಸಂಬಾ ಹಳ್ಳಿಯಿಂದ. ಶಮ್ಸುನ್ನಿಸಾ ಅವರಿಗೆ ವಿಸಿಆರ್ ಇನ್ನಷ್ಟು ದಿನ ಬೇಕೆಂದು ಹೇಳಬೇಕು. ಈ ಸಲ ಎದುರಿಗೆ ಕೂತು ಅವರ ಮಾತು ಪೂರ್ತಿ ಕೇಳಿಕೊಂಡು ಬರಬೇಕು.

ಈಚೆಗೆ ಸುಭದ್ರಾಳ ಮಾತು ಎಷ್ಟು ಸ್ಪಷ್ಟವಾಗಿದೆ! ಮೊದಲು ಅಡುಗೆಮನೆಯಿಂದ ಗೊಣಗುತ್ತಿದ್ದಳು, ಈಗ ಎದುರಿಗೆ ಬಂದು ನಿಂತು ಮಾತಾಡುತ್ತಾಳೆ. ಜಗಳವೂ ಕಡಿಮೆಯಾಗಿದೆ.

ಮಧ್ಯಾಹ್ನ ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು, “ಉಣ್ತೀರೇನು?” ಎಂದಳು.

“ಉಣ್ತೇನಿ. ನೀನೂ ಹಾಕ್ಕೊಂಡ ಬಾ,” ಎಂದೆ.

ಆಕೆ ಅಲ್ಲೇ ನಿಂತಳು. “ನಾಳಿ ಕಲಬುರಗಿಗಿ ಹೋಗಿ ಕಿವಿ ತೋರಿಸ್ಕೊಂಡ ಬರೂಣೇನು?”

“ನಿನಗೇನಾಗ್ಯಾದ? ಹೋಗೂಣ ಬಿಡು.”

ಬುಟ್ಟಿ ಕೆಳಗಿಟ್ಟು ನನ್ನ ಎದುರಿಗೆ ಕೂತಳು. ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದಳು. “ನಾ ದನಿನೇ ತಗದಿದ್ದಿಲ್ರಿ,” ಎಂದಳು. “ಎರಡೂ ಸಲ ಬರೇ ತುಟಿ ಆಡಿಸಿದ್ದೆ.”

ಇರಲಾರದು. ನನಗಂತೂ ಎಲ್ಲ ಕೇಳಿಸಿತ್ತು.